ಪುಸ್ತಕ ಮುಚ್ಚಿ ಹೇಳಿ

ಮರೆವನ್ನು ಜನ ಸುಮ್ಮನೆ ಬೈಯುತ್ತಾರೆ. ನನ್ನನ್ನು ಕೇಳಿದರೆ ಅಷ್ಟು ಚುರುಕಾಗಿ ಕೆಲಸ ಮಾಡುವ ಇಲಾಖೆ ಇನ್ನೊಂದಿಲ್ಲ. ಬೇಕಾದ್ದನ್ನು ಬಂದ ದಿನವೇ ವಿಲೇವಾರಿ ಮಾಡುತ್ತದೆ, ಬೇಡವಾದ್ದನ್ನು ಜೋಪಾನವಾಗಿ ಕಟ್ಟಿಡುತ್ತದೆ. ಮಿಡ್ಲ್ ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನ ಟೋಪಿಯ ಬಣ್ಣ ನನಗೆ ಈಗಲೂ ನೆನಪಿದೆ. ನನ್ನ ಮದುವೆಯಲ್ಲಿ ಪಾಯಸಕ್ಕೆ ದ್ರಾಕ್ಷಿ ಸಾಲದೆ ಹೋದಾಗ ನಮ್ಮ ದೊಡ್ಡಪ್ಪ ಆಡಿದ ಮಾತು ಅಕ್ಷರಶಃ ನೆನಪಿದೆ. ಆದರೆ ಅಂಗಡಿಗೆ ಹೊರಟಾಗ ಹೆಂಡತಿ ಹೇಳಿ ಕಳಿಸಿದ ಸಾಮಾನುಗಳಲ್ಲಿ ಒಂದಾದರೂ ಬೀದಿಯ ತಿರುವು ದಾಟುವಷ್ಟರಲ್ಲಿ ಉದುರಿ ಹೋಗಿರುತ್ತದೆ. ವಾಪಸು ಹೋಗಿ ಕೇಳುವುದಕ್ಕೆ ಮರ್ಯಾದೆ ಅಡ್ಡ ಬರುತ್ತದೆ. ಹಾಗಾಗಿ ಅಂದಾಜಿನ ಮೇಲೆ ಏನೋ ಒಂದನ್ನು ತರುತ್ತೇನೆ. ನಮ್ಮ ಮನೆಯಲ್ಲಿ ಯಾವಾಗಲೂ ಮೆಂತ್ಯ ಜಾಸ್ತಿ, ಜೀರಿಗೆ ಇಲ್ಲವೇ ಇಲ್ಲ.

ಇಂಥ ತಲೆಯನ್ನು ಇಟ್ಟುಕೊಂಡು ನಾನು ಇಲಾಖಾ ಪರೀಕ್ಷೆಗೆ ಕೂರಬೇಕಾಗಿ ಬಂತು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಹಂಗಾಮಿಯಾಗಿ ಬಡ್ತಿ ಕೊಟ್ಟು ಮೈಸೂರಿಗೆ ಹಾಕಿದ್ದರು. ಹಂಗಾಮಿ ಎಂದರೆ, ಪರೀಕ್ಷೆ ಪಾಸಾದರೆ ಆ ಕುರ್ಚಿ ನನ್ನದು. ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮತ್ತೆ ಅದೇ ತಾಲ್ಲೂಕು ಕಚೇರಿಗೆ. ನಾನು ಕೆಸರೆಯ ಬೇಸಾಯಗಾರರ ಮನೆಯವನು. ಆಗ ಕೆಸರೆ ಊರಾಚೆಯ ಹಳ್ಳಿ. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತಂದವನು ನಾನೇ ಮೊದಲಿಗ. ಹೆಂಡತಿ ಜಯಮ್ಮನಿಗಂತೂ ಮೈಸೂರು ಬಹಳ ಹಿಡಿಸಿಬಿಟ್ಟಿತ್ತು. ಮಗಳು ಒಳ್ಳೆಯ ಸ್ಕೂಲಿಗೆ ಸೇರಿದ್ದಳು. ಇನ್ನು ನಾವಿದ್ದದ್ದು ವಿದ್ಯಾರಣ್ಯಪುರದ ಒಂದು ವಠಾರದಲ್ಲಿ. ಹೆಸರಿನಲ್ಲೇ ವಿದ್ಯೆಯೂ ಇದೆ, ಅರಣ್ಯವೂ ಇದೆ. ನನ್ನ ಪಾಲಿಗೆ ಬಂದದ್ದು ಎರಡನೆಯದು.

ಪರೀಕ್ಷೆಯ ಪುಸ್ತಕವೆಂದರೆ ಸರ್ಕಾರಿ ನೌಕರರ ನಿಯಮಾವಳಿ. ಇಂಗ್ಲಿಷಿನಲ್ಲಿತ್ತು. ರಜಾ, ಪ್ರಯಾಣ ಭತ್ಯೆ, ನಿವೃತ್ತಿ, ವಜಾ ಎಲ್ಲ ಅದರೊಳಗಿದ್ದವು. ಒಂದೊಂದು ವಾಕ್ಯವೂ ಹೊರಟರೆ ನಿಲ್ಲುವುದಿಲ್ಲ. ಹೊರಟ ಉದ್ದೇಶ ಏನೆಂಬುದನ್ನು ವಾಕ್ಯವೇ ನಡುದಾರಿಯಲ್ಲಿ ಮರೆತಿರುತ್ತಿತ್ತು. ಅಂಥದ್ದನ್ನು ನಾನು ನೆನಪಿಟ್ಟುಕೊಳ್ಳಬೇಕು!

ನಮ್ಮ ಹೆಡ್ ಗುಮಾಸ್ತರು ರಾಘವಾಚಾರ್ಯರು. ತಲೆತಲಾಂತರದಿಂದ ಅರಮನೆಯ ವಿದ್ವಾಂಸರ ಮನೆತನ. ಅವರ ತಾತನವರು ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲವಂತೆ. ಆ ತಾತನವರ ಭಾರವನ್ನೆಲ್ಲ ಮೊಮ್ಮಗ ನನ್ನ ಮೇಲೆ ಹಾಕಿದರು. "ಸಿದ್ದೇಗೌಡ್ರೇ, ಜ್ಞಾಪಕ ಅನ್ನೋದು ಹಸುವಿದ್ದ ಹಾಗೆ. ಗೂಟ ಬೇಕು. ಗೂಟ ಇಲ್ಲದೆ ಬಿಟ್ರೆ ಕಂಡವರ ಹೊಲ ಮೇಯುತ್ತೆ" ಎಂದರು. ಗೂಟ ಯಾವುದು ಸ್ವಾಮಿ ಎಂದರೆ, ಮೊದಲಕ್ಷರಗಳನ್ನು ಪೋಣಿಸಿ ಒಂದು ವಾಕ್ಯ ಮಾಡಿಕೊಳ್ಳಬೇಕಂತೆ. ರಜೆಯ ಬಗೆಗಳನ್ನೇ ತೆಗೆದುಕೊಳ್ಳಿ: ಪ್ರಿವಿಲೇಜ್, ಮೆಡಿಕಲ್, ಫರ್ಲೋ, ಸ್ಪೆಷಲ್, ಎಕ್ಸ್‌ಟ್ರಾ ಆರ್ಡಿನರಿ, ಮೆಟರ್ನಿಟಿ. ನಾನು ಒಂದು ಭಾನುವಾರವೆಲ್ಲ ಕೂತು, "ಪುಟ್ಟಮ್ಮ ಮೆಲ್ಲಗೆ ಫಲಾಹಾರ ಸಿದ್ಧಮಾಡಿ ಎಲ್ಲರ ಮನೆಗೂ ಹಂಚಿದಳು" ಎಂದು ಕಟ್ಟಿದೆ. ಹಂಚಿದಳು ಎಂಬುದು ವಾಕ್ಯ ಮುಗಿಯಲಿ ಎಂದು ನಾನೇ ಉದಾರವಾಗಿ ಸೇರಿಸಿದ್ದು. ಆಚಾರ್ಯರು ಮೆಚ್ಚಿಕೊಂಡರು.

ಅಷ್ಟಕ್ಕೇ ನಿಲ್ಲಿಸಿದೆನೆಂದುಕೊಳ್ಳಬೇಡಿ. ಮುಖ್ಯವಾದ ಸಾಲುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಗೆರೆ ಎಳೆಯುವಾಗ ಏನೋ ಕೆಲಸ ಸಾಗಿತೆಂಬ ಸಮಾಧಾನ. ಹಾಗೆ ಎಳೆಯುತ್ತ ಎಳೆಯುತ್ತ ಪುಸ್ತಕವೆಲ್ಲ ಕೆಂಪಾಗಿ, ಕೊನೆಗೆ ಗೆರೆ ಇಲ್ಲದ ಸಾಲುಗಳೇ ಎದ್ದು ಕಾಣತೊಡಗಿದವು. ಬೆಳಗ್ಗೆ ಬೆಟ್ಟದ ಪಾದದ ಕಡೆ ನಡೆಯುತ್ತ ಗಟ್ಟಿಯಾಗಿ ಉರು ಹೊಡೆದೆ. ಎದುರಿಗೆ ಬರುತ್ತಿದ್ದ ಹಾಲಿನವರು ಮೊದಮೊದಲು ನಮಸ್ಕಾರ ಮಾಡುತ್ತಿದ್ದರು. ಆಮೇಲೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಸುದ್ದಿ ಕೆಸರೆಗೂ ಮುಟ್ಟಿ ನಮ್ಮವ್ವ ಗದ್ದೆ ಬದುವಿನ ಒಂದೆಲಗದ ಸೊಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. "ಅಸೀದೇ ತಿನ್ನು ಕಣ್ಮಗ. ತಲೆ ಎಂಗೆ ಓಡ್ತದೆ ನೋಡು" ಎಂದಳು. ಹಸಿಯದನ್ನೂ ತಿಂದೆ, ಚಟ್ನಿಯನ್ನೂ ತಿಂದೆ. ಒಂದೆಲಗ ತಿನ್ನಬೇಕು ಎಂಬುದನ್ನು ಒಂದು ದಿನವೂ ಮರೆಯಲಿಲ್ಲ. ಅಷ್ಟರ ಮಟ್ಟಿಗೆ ಅದು ಕೆಲಸ ಮಾಡಿತೆಂದೇ ಹೇಳಬೇಕು.

ಪರೀಕ್ಷೆಗೆ ಮುಂಚೆ ಪುಸ್ತಕ ತಿರುವಿದಾಗ ಪ್ರತಿಯೊಂದು ಪುಟವೂ ಪರಿಚಯದ ಮುಖದಂತೆ ನಗುತ್ತಿತ್ತು. ಓಹೋ, ಇದು ಗೊತ್ತು, ಇದೂ ಗೊತ್ತು! ಧೈರ್ಯವಾಗಿ ಹೋಗಿ ಕೂತೆ. ಪ್ರಶ್ನೆಪತ್ರಿಕೆ ಕೈಗೆ ಬಂತು. ರಜೆಯ ಬಗೆಗಳನ್ನು ವಿವರಿಸಿ ಎಂದಿತ್ತು. ಪುಟ್ಟಮ್ಮ ತಕ್ಷಣ ಬಂದಳು. ಮೆಲ್ಲಗೇ ಬಂದಳು. ಫಲಾಹಾರವನ್ನೂ ಸಿದ್ಧಮಾಡಿದಳು. ಆದರೆ ಆ ಫಲಾಹಾರ ಎಂದರೆ ಏನು, ಎಲ್ಲರ ಮನೆ ಎಂದರೆ ಯಾವ ರಜಾ ಎಂಬುದು ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ನಾನು ಗೂಟವನ್ನು ಭದ್ರವಾಗಿ ಹಿಡಿದುಕೊಂಡು ಕೂತಿದ್ದೆ, ಹಸು ಎಲ್ಲೋ ಹೊರಟುಹೋಗಿತ್ತು. ಮುಖ ಪರಿಚಯವಿದ್ದವರೆಲ್ಲ ನಮ್ಮ ನಂಟರಲ್ಲ ಎಂಬುದು ಆ ಪರೀಕ್ಷಾ ಕೊಠಡಿಯಲ್ಲಿ ನನಗೆ ಅರ್ಥವಾಯಿತು. ಎದುರಿಗೆ ಬಂದಾಗ ಗುರುತು ಹಿಡಿಯುವುದು ಬೇರೆ, ಬೇಕೆಂದಾಗ ಹೆಸರು ಹಿಡಿದು ಕರೆಯುವುದು ಬೇರೆ.

ಫಲಿತಾಂಶದ ವಿಷಯ ಬಿಡಿ. ಆಚಾರ್ಯರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಕೂರಬಹುದು. ಅದರಲ್ಲೂ ಆಗದೆ ಹೋದ್ರೆ ನನ್ನ ಕೈಲಿ ಏನೂ ಇಲ್ಲ" ಎಂದರು. ಪಾಪ, ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಮನೆಗೆ ಬಂದು ಜಯಮ್ಮನಿಗೆ ಹೇಳಿದೆ. ಅವಳು, "ಮಗು ಸ್ಕೂಲಿನಲ್ಲಿ ಹಾಡಿಗೆ ಸೇರಿಕೊಂಡಿದ್ದಾಳೆ" ಎಂದಷ್ಟೇ ಹೇಳಿ ಒಳಗೆ ಹೋದಳು. ತಾಲ್ಲೂಕು ಕಚೇರಿಯ ಊರಿನಲ್ಲಿ ಹಾಡಿರಲಿ, ಹೆಣ್ಣುಮಕ್ಕಳಿಗೆ ಹೈಸ್ಕೂಲೇ ಇರಲಿಲ್ಲ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮತ್ತೆ ಓದಲು ಕೂತೆ. ನನಗೆ ಗೊತ್ತಿದ್ದದ್ದು ಒಂದೇ ದಾರಿ: ಹಿಂದೆ ಓದಿದ್ದನ್ನೇ ಇನ್ನೂ ಗಟ್ಟಿಯಾಗಿ ಓದುವುದು. ಅವರೆಕಾಯಿಯ ಕಾಲ. ಒಂದು ಸಂಜೆ ಜಯಮ್ಮ ಮುಂದೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ನಾನು ಕಂಬಕ್ಕೊರಗಿ ಒಂದೇ ಪುಟವನ್ನು ತಿರುತಿರುಗಿ ಓದುತ್ತಿದ್ದೆ. ಅವಳಿಗೆ ಕಿವಿ ನೋವು ಬಂದಿರಬೇಕು.

"ರೀ, ಅದೇನದು? ನಂಗೂ ಸ್ವಲ್ಪ ಹೇಳಿ" ಎಂದಳು.

"ನಿನಗೆಲ್ಲಿ ಅರ್ಥವಾಗುತ್ತೆ? ಇಂಗ್ಲಿಷಿನಲ್ಲಿದೆ."

"ನಂಗೆ ಇಂಗ್ಲಿಷ್ ಬರಲ್ಲ ಕಣ್ರೀ. ನಿಮಗೆ ಬರುತ್ತಲ್ಲ, ಕನ್ನಡದಲ್ಲಿ ಹೇಳಿ."

ಸರಿ ಎಂದು ಪುಸ್ತಕ ನೋಡಿಕೊಂಡು ಶುರುಮಾಡಿದೆ. ಅವಳು ಸಿಪ್ಪೆ ಹಿಡಿದ ಕೈಯನ್ನು ಅಡ್ಡ ಮಾಡಿ, "ಪುಸ್ತಕ ಮುಚ್ಚಿ ಹೇಳಿ. ಬೇರೆ ಊರಿಗೆ ಹೋಗಿಬಂದೋರನ್ನ ಆ ಊರು ಹ್ಯಾಗಿತ್ತು ಅಂತ ಕೇಳಿದ್ರೆ ರೈಲ್ ಟಿಕೀಟು ತೆಗೆದು ಓದ್ತಾರಾ?" ಎಂದಳು.

ಮುಚ್ಚಿದೆ. ಮುಚ್ಚಿದ ಕೂಡಲೇ ತಲೆಯೂ ಮುಚ್ಚಿಕೊಂಡಿತು. ಈಗತಾನೆ ಓದಿದ ಪುಟ! ಬಾಯಿ ತೆರೆದರೆ ಏನೂ ಇಲ್ಲ. ಅವಮಾನವಾಯಿತು. ಪರೀಕ್ಷಾ ಕೊಠಡಿಯಲ್ಲಿ ನನ್ನ ಅವಸ್ಥೆಯನ್ನು ಕಂಡವರು ಯಾರೂ ಇರಲಿಲ್ಲ. ಇಲ್ಲಿ ಹೆಂಡತಿ ಕಾಯುತ್ತ ಕೂತಿದ್ದಳು. ಕಷ್ಟಪಟ್ಟು ಒಂದೇ ಒಂದು ಮಾತನ್ನು ಹೊರಗೆಳೆದೆ: "ರಜಾ ಅನ್ನೋದು ನೌಕರನ ಹಕ್ಕಲ್ಲ."

"ಹಕ್ಕಲ್ಲ ಅಂದ್ಮೇಲೆ ಅದರ ಬಗ್ಗೆ ಇಷ್ಟು ದಪ್ಪ ಪುಸ್ತಕ ಯಾಕೆ?"

ನಾನು ಇಷ್ಟು ವರ್ಷ ಸರ್ಕಾರಿ ನೌಕರಿಯಲ್ಲಿದ್ದರೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ನಾಳೆ ಹೇಳ್ತೀನಿ" ಎಂದು, ಅವಳು ಒಳಗೆ ಹೋದ ಮೇಲೆ ಪುಸ್ತಕವನ್ನು ತೆರೆದು ಹುಡುಕಿದೆ. ಉತ್ತರ ಅಲ್ಲೇ ಇತ್ತು. ರಜಾ ಕೊಡುವುದು ಬಿಡುವುದು ಮೇಲಧಿಕಾರಿಯ ಇಷ್ಟ, ನಿಜ. ಆದರೆ ಆ ಇಷ್ಟ ಮನಸ್ಸಿಗೆ ಬಂದ ಹಾಗೆ ಹಾರಾಡದಿರಲಿ ಎಂದೇ ಈ ನಿಯಮಗಳು. ಅಂದು ನಾನು ಮೊದಲ ಸಲ ಆ ಪುಸ್ತಕವನ್ನು ಏನೋ ಬೇಕಾಗಿ ಓದಿದೆ. ಹಾಗೆ ಓದಿದ್ದು ಮರೆಯಲಿಲ್ಲ.

ಆಮೇಲೆ ಇದೇ ವಾಡಿಕೆಯಾಯಿತು. ಬೆಳಗ್ಗೆ ನಾನು ಒಂದಿಷ್ಟು ಓದುವುದು, ಸಂಜೆ ಪುಸ್ತಕ ಮುಚ್ಚಿ ಅವಳಿಗೆ ಹೇಳುವುದು. ಜಯಮ್ಮ ಅಪಾಯಕಾರಿ ಶ್ರೋತೃ. ಅರ್ಥವಾಗದಿದ್ದರೆ ತಲೆಯಾಡಿಸುವ ಸೌಜನ್ಯ ಅವಳಿಗಿಲ್ಲ. ನಾನು ಎಲ್ಲಿ ಗೊತ್ತಿಲ್ಲದ್ದನ್ನು ದೊಡ್ಡ ದೊಡ್ಡ ಪದಗಳ ಕೆಳಗೆ ಬಚ್ಚಿಟ್ಟು ಮುಂದೆ ಹೋಗುತ್ತಿದ್ದೆನೋ ಸರಿಯಾಗಿ ಅಲ್ಲೇ, "ತಡೀರಿ, ಅದೇನಂದ್ರಿ?" ಎನ್ನುತ್ತಿದ್ದಳು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಷ್ಟಪಟ್ಟು ಒಂದನ್ನು ಅರ್ಥ ಮಾಡಿಸಿ, ಅಬ್ಬ ಆಯಿತು ಎಂದುಕೊಂಡರೆ ಒಂದು ವಾರ ಬಿಟ್ಟು, "ಅವತ್ತು ಏನೋ ಹೇಳಿದ್ರಲ್ಲ, ಪ್ರಯಾಣದ್ದು. ಮರೆತೋಯ್ತು ಕಣ್ರೀ, ಇನ್ನೊಂದ್ಸಲ ಹೇಳಿ" ಎನ್ನುವಳು. ನನಗೆ ಸಿಟ್ಟು ಬರುತ್ತಿತ್ತು. ಅಷ್ಟರಲ್ಲಿ ನನಗೂ ಅರ್ಧ ಮರೆತಿರುತ್ತಿದ್ದುದೇ ಆ ಸಿಟ್ಟಿಗೆ ಕಾರಣ. ಮತ್ತೆ ತಡಕಾಡಿ, ಸಿಕ್ಕಿದ್ದನ್ನು ಜೋಡಿಸಿ ಹೇಳುತ್ತಿದ್ದೆ. ಹಾಗೆ ತಡಕಾಡಿ ತೆಗೆದದ್ದು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತಿತ್ತು. ನಮ್ಮಪ್ಪ ಒಂದೇ ಉಳುಮೆಗೆ ಬಿತ್ತಿದವರಲ್ಲ. ಉತ್ತು, ನೆಲ ಸ್ವಲ್ಪ ಆರಲೆಂದು ಬಿಟ್ಟು, ಮತ್ತೆ ಉಳುತ್ತಿದ್ದರು. ಅವರ ಹೊಟ್ಟೆಯಲ್ಲಿ ಹುಟ್ಟಿದ ನಾನು ಪುಸ್ತಕವನ್ನು ಒಂದೇ ಹೊಡೆತಕ್ಕೆ ಮುಗಿಸಲು ಹೊರಟಿದ್ದೆ.

ಒಂದು ದಿನ ಎಕ್ಸ್‌ಟ್ರಾ ಆರ್ಡಿನರಿ ರಜೆಯ ಸರದಿ ಬಂತು. ಬೇರೆ ಯಾವ ರಜೆಯೂ ಬಾಕಿ ಇಲ್ಲದಾಗ ಕೊಡಬಹುದಾದ, ಸಂಬಳವಿಲ್ಲದ ರಜಾ ಎಂದು ವಿವರಿಸಿದೆ. ಜಯಮ್ಮ ನಕ್ಕುಬಿಟ್ಟಳು. "ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಅದಕ್ಕೊಂದು ರಜಾ ಅಂತ ಹೆಸರು ಬೇರೆ! ಮನೇಲಿ ಸುಮ್ನೆ ಕೂತಿರೋದಕ್ಕೆ ಸರ್ಕಾರದ ಅಪ್ಪಣೆ ಬೇಕಾ?" ಎಂದಳು. ನನಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ಇಬ್ಬರೂ ನಕ್ಕು ಮುಂದಿನ ನಿಯಮಕ್ಕೆ ಹೋದೆವು.

ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಶಾರದಮ್ಮ ಎಂಬ ಮೇಡಂ ಇದ್ದರು. ಸರ್ಕಾರಿ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಚಿಕ್ಕವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಆಮೇಲೆ ಓದಿ, ಆ ಕೆಲಸ ಸಂಪಾದಿಸಿಕೊಂಡವರು. ಯಾರ ಹಂಗಿಗೂ ಬೀಳದೆ ತಲೆಯೆತ್ತಿ ನಡೆಯುತ್ತಿದ್ದರು. ಊರಿನಲ್ಲಿದ್ದ ಅವರ ತಾಯಿಗೆ ಪಾರ್ಶ್ವವಾಯು ಬಡಿಯಿತು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಹೋಗಿ ಬಂದು ಮಾಡಿ ಇದ್ದ ರಜಾ ಎಲ್ಲ ತೀರಿತ್ತು. ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಅವರು ಜಯಮ್ಮನಿಗೆ ಹೇಳುತ್ತಿದ್ದುದು ನನಗೆ ಒಳಗೆ ಕೇಳಿಸಿತು. "ಮುಖ್ಯೋಪಾಧ್ಯಾಯಿನಿಯವರು ರಜಾ ಬಾಕಿ ಇಲ್ಲ, ರಾಜೀನಾಮೆ ಕೊಟ್ಟುಬಿಡಿ ಅಂದ್ರು. ಇವತ್ತು ಕೊಟ್ಟುಬಿಡ್ತೀನಿ ಜಯಮ್ಮ. ಕೆಲಸ ಅಂತ ಅಮ್ಮನ್ನ ಬಿಡೋಕಾಗುತ್ತಾ?" ದನಿ ನಡುಗುತ್ತಿರಲಿಲ್ಲ, ಅತ್ತು ಮುಗಿಸಿದವರ ದನಿ ಅದು.

"ತಡೀರಿ ತಡೀರಿ ಮೇಡಂ" ಎಂದಳು ಜಯಮ್ಮ. "ನಮ್ಮನೆಯವರು ಒಂದು ಹೇಳಿದ್ರು, ಸಂಬಳ ಇಲ್ಲದ ರಜಾ. ರೀ, ಬನ್ರೀ ಇಲ್ಲಿ!"

ಮುಖಕ್ಕೆ ಹಚ್ಚಿದ ಸೋಪಿನ ನೊರೆಯೊಡನೆ ನಾನು ಹೊರಗೆ ಬಂದೆ. ಶಾರದಮ್ಮನವರು ನನ್ನನ್ನು ನೋಡಿದ ರೀತಿಯನ್ನು ಏನೆಂದು ಹೇಳಲಿ! ಯಾವ ಪರೀಕ್ಷಕನೂ ನನ್ನನ್ನು ಹಾಗೆ ನೋಡಿಲ್ಲ. ಹೇಳಿದೆ. ಯಾವಾಗ ಕೊಡಬಹುದು, ಯಾರು ಕೊಡಬಹುದು, ಕೊಟ್ಟರೆ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ, ಎಲ್ಲ ಹೇಳಿದೆ. ತಡವರಿಸಲಿಲ್ಲ. "ಸಂಬಳ ಬರಲ್ಲ ಮೇಡಂ. ಆದ್ರೆ ಹೆಸರು ಇರುತ್ತೆ. ತಿರುಗಿ ಬಂದಾಗ ಕೆಲಸ ನಿಮ್ಮದೇ. ರಾಜೀನಾಮೆ ಕೊಟ್ರೆ ದಾರ ಕಿತ್ತುಹೋಗುತ್ತೆ, ಇದು ಗಂಟು ಹಾಕಿ ಇಟ್ಟ ಹಾಗೆ" ಎಂದೆ. ಜಯಮ್ಮ ನನ್ನನ್ನೇ ನೋಡಿದಳು. ಅವಳು ಅವತ್ತು ನಗುತ್ತ ಕೇಳಿದ್ದಕ್ಕೆ ಉತ್ತರ ಈಗ ನಮ್ಮಿಬ್ಬರಿಗೂ ಒಟ್ಟಿಗೆ ಸಿಕ್ಕಿತ್ತು.

ಹೇಳಿ ಒಳಗೆ ಬಂದವನಿಗೆ ಯೋಚನೆ ಹತ್ತಿತು. ತಪ್ಪು ಹೇಳಿದ್ದರೆ? ಪರೀಕ್ಷೆಯಲ್ಲಿ ತಪ್ಪು ಬರೆದರೆ ನನ್ನ ಅಂಕ ಹೋಗುತ್ತದೆ. ಇಲ್ಲಿ ಇನ್ನೊಬ್ಬರ ಅನ್ನ. ನೊರೆ ಮೆತ್ತಿದ ಕೈಯಿಂದಲೇ ಪುಸ್ತಕ ತೆಗೆದು ಆ ನಿಯಮವನ್ನು ಹುಡುಕಿದೆ. ಹೇಳಿದ ಹಾಗೇ ಇತ್ತು. ಆ ಪುಟದ ಮೇಲೆ ಸೋಪಿನ ಕಲೆ ಕೂತುಬಿಟ್ಟಿತು. ಶಾರದಮ್ಮನವರು ರಾಜೀನಾಮೆಯ ಬದಲು ರಜಾ ಅರ್ಜಿ ಕೊಟ್ಟರು. ಮುಖ್ಯೋಪಾಧ್ಯಾಯಿನಿಯವರು ಮೊದಲು ಹುಬ್ಬು ಗಂಟಿಕ್ಕಿದರಂತೆ. ನಿಯಮ ತೋರಿಸಿದ ಮೇಲೆ ಅವರೇ ಮುತುವರ್ಜಿಯಿಂದ ಮೇಲಕ್ಕೆ ಶಿಫಾರಸು ಬರೆದರು. ರಜಾ ಮಂಜೂರಾಯಿತು. ತಾಯಿ ಉಳಿಯಲಿಲ್ಲ. ಆದರೆ ಮಗಳ ಕೈಯಲ್ಲಿ ನೀರು ಕುಡಿದು ಹೋದರು. ಎಲ್ಲ ಕರ್ಮ ಮುಗಿಸಿ ಶಾರದಮ್ಮನವರು ತಿರುಗಿ ಸ್ಕೂಲಿಗೆ ಹೊರಟ ದಿನ ನಮ್ಮ ಬಾಗಿಲಲ್ಲಿ ನಿಂತು, ನಮ್ಮ ಮಗಳ ಜಡೆ ನೇವರಿಸಿ ಹೋದರು.

ಆ ನಡುವೆಯೇ ನನ್ನ ಎರಡನೆಯ ಪರೀಕ್ಷೆಯೂ ಆಯಿತು. ಪ್ರಶ್ನೆಪತ್ರಿಕೆ ನೋಡಿದಾಗ ಪುಟ್ಟಮ್ಮ ಈ ಸಲ ಬರಲಿಲ್ಲ. ಅವಳ ಬದಲು ಅವರೆಕಾಯಿ ಹಿಡಿದ ಕೈಯೊಂದು ಅಡ್ಡ ಬಂದು, "ಅದು ಯಾಕೆ ಹಾಗೆ?" ಎಂದು ಕೇಳಿತು. ಪುಸ್ತಕದ ಭಾಷೆ ನನಗೆ ನೆನಪಿರಲಿಲ್ಲ. ಯಾಕೆ ಹಾಗೆ ಎಂಬುದು ನೆನಪಿತ್ತು. ನನ್ನ ಬಡ ಇಂಗ್ಲಿಷಿನಲ್ಲಿ ಅದನ್ನೇ ಬರೆದೆ. ಸಂಬಳವಿಲ್ಲದ ರಜೆಯ ಪ್ರಶ್ನೆಗೆ ಬರೆಯುವಾಗ ನಲ್ಲಿಯ ಹತ್ತಿರ ನಿಂತ ಶಾರದಮ್ಮನವರ ಮುಖ ಕಣ್ಣೆದುರಿಗಿತ್ತು; ಅವರಿಗೇ ಹೇಳುತ್ತಿರುವವನಂತೆ ಬರೆದುಬಿಟ್ಟೆ. ಪಾಸಾಯಿತು. ಆಚಾರ್ಯರು ಕೈ ಕುಲುಕಿ, "ಕಡೆಗೂ ಗೂಟ ಸರಿಯಾಗಿ ನಾಟಿದಿರಿ" ಎಂದರು. ನಾನು ಹೌದು ಸ್ವಾಮಿ ಎಂದೆ. ಒಂದೆಲಗದಿಂದಲೇ ಪಾಸಾಯಿತೆಂದು ಕೆಸರೆಯಲ್ಲಿ ಅವ್ವ ಸಾರಿಕೊಂಡು ಬಂದಳು. ಅದಕ್ಕೂ ಹೌದವ್ವ ಎಂದೆ. ಪಾಸಾದವನಿಗೆ ಎಲ್ಲರ ಮಾತಿಗೂ ಹೌದೆನ್ನುವಷ್ಟು ಔದಾರ್ಯ ಇರುತ್ತದೆ.

ಮನಸ್ಸಿನೊಳಗೆ ಮಾತ್ರ, ಇದೆಲ್ಲ ನನ್ನ ವಿವರಿಸುವ ಶಕ್ತಿಯ ಫಲ ಎಂದುಕೊಂಡಿದ್ದೆ. ಕೇಳುವುದರಲ್ಲಿ ಏನಿದೆ, ಯಾರು ಬೇಕಾದರೂ ಕೇಳಬಹುದು. ಹೇಳುವವನದೇ ಅಲ್ಲವೇ ಕಷ್ಟ? ಮರುವರ್ಷ ಜಯಮ್ಮನಿಗೆ ಹಿಂದಿ ಪರೀಕ್ಷೆ ಕಟ್ಟುವ ಹುಮ್ಮಸ್ಸು ಬಂತು. ಆಗ ಮೈಸೂರಿನ ಬೀದಿ ಬೀದಿಯಲ್ಲೂ ಗೃಹಿಣಿಯರು ಹಿಂದಿ ಕಲಿಯುತ್ತಿದ್ದರು. "ಈಗ ನೀವು ಕೂತ್ಕೊಳ್ಳಿ, ನಾನು ಹೇಳ್ತೀನಿ" ಎಂದಳು. ಗಂಭೀರವಾಗಿ ಕೂತೆ. ಅವಳು ಪುಸ್ತಕ ಮುಚ್ಚಿ ಶುರುಮಾಡಿದಳು. ನಾನು ಪ್ರತಿಯೊಂದಕ್ಕೂ ತಲೆಯಾಡಿಸಿ "ಹ್ಞೂಂ, ಹ್ಞೂಂ" ಎಂದೆ. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಅವಳು ನಡುವೆಯೇ ನಿಲ್ಲಿಸಿ, "ರೀ, ನಾನೀಗ ಏನು ಹೇಳಿದೆ?" ಎಂದಳು.

"ಅದೇ, ಕ್ರಿಯಾಪದದ್ದು."

"ಕ್ರಿಯಾಪದ ಮೊನ್ನೆ ಮುಗೀತು. ಈಗ ಹೇಳಿದ್ದು ತಪ್ಪೋ ಸರಿಯೋ ಅಂತ ನಂಗೇ ಅನುಮಾನ ಇತ್ತು, ನೀವು ಹ್ಞೂಂ ಅಂದ್ಬುಟ್ರಿ. ನಿಮ್ಮನ್ನ ಕೂರಿಸ್ಕೊಂಡು ಓದಿದ್ರೆ ನಂಗೆ ಫೇಲೇ ಗತಿ" ಎಂದವಳೇ ಎದ್ದು ಪಕ್ಕದ ಮನೆಗೆ ಹೋಗಿ ಶಾರದಮ್ಮನವರನ್ನು ಕರೆತಂದಳು. ಇಬ್ಬರೂ ಜಗಲಿಯ ಮೇಲೆ ಕೂತರು. "ಒಳಗೆ ಹಾಲು ಇಟ್ಟಿದ್ದೀನಿ, ನೀವು ಸ್ವಲ್ಪ ನೋಡ್ಕೊಳ್ಳಿ" ಎಂದು ನನಗೆ ಹೊಸ ಹುದ್ದೆ ಕೊಟ್ಟಳು.

ಒಲೆಯ ಮುಂದೆ ನಿಂತೆ. ಹೊರಗೆ ಜಯಮ್ಮ ಹೇಳುತ್ತಿದ್ದಳು. ಶಾರದಮ್ಮನವರು, "ತಡೀರಿ, ಹಸು ಅಂದ್ರೆ ಹೆಣ್ಣು, ಸರಿ. ಹಿಂದಿಯಲ್ಲಿ ಮೇಜು ಹ್ಯಾಗೆ ಹೆಣ್ಣಾಗುತ್ತೆ?" ಎಂದು ಕೇಳುತ್ತಿದ್ದರು. ಜಯಮ್ಮ ತಡವರಿಸಿದಳು, ತಪ್ಪಿದಳು, ತಾನೇ ತಿದ್ದಿಕೊಂಡಳು. ಪ್ರಶ್ನೆ ಎಷ್ಟು ಮೆತ್ತಗೆ ಬಂದು ಎಷ್ಟು ಸರಿಯಾದ ಜಾಗ ಮುಟ್ಟುತ್ತಿತ್ತು! ಹೋದ ವರ್ಷ ಅವಳು ನನ್ನ ಮುಂದೆ ಕೂತು ಮಾಡಿದ್ದು ಇದೇ ಅಲ್ಲವೇ ಎನಿಸಿತು. ನಾಲ್ಕು ದಿನ ಎದುರಿಗೆ ಕೂತು ಕೇಳಿಸಿಕೊಳ್ಳದ ನಾನು, ಗೋಡೆಯ ಈಚೆ ನಿಂತು ಮೈಯೆಲ್ಲ ಕಿವಿಯಾಗಿ ಕೇಳಿದೆ. ಎಷ್ಟು ಹೊತ್ತು ಕೇಳಿದೆನೋ, ಜಗಲಿಯ ಮೇಲಿಂದ ಜಯಮ್ಮ ಎದ್ದು ಬರುತ್ತ ಕೂಗಿದಳು:

"ದೂಧ್! ರೀ, ದೂಧ್!"

ಹಾಲೆಲ್ಲ ಉಕ್ಕಿ ಒಲೆಯ ಪಾಲಾಗಿತ್ತು. ಹಿಂದಿಯಲ್ಲಿ ನನಗೆ ಬರುವುದು ಅದೊಂದೇ ಮಾತು. ಇವತ್ತಿನವರೆಗೂ ಮರೆತಿಲ್ಲ.